ಕಾರಿನ ನಿಷ್ಕಾಸ ವ್ಯವಸ್ಥೆಯ ದೋಷಪತ್ತೆ ಮತ್ತು ದುರಸ್ತಿ (ರಾಯಚೂರು ಜಿಲ್ಲೆ)

ನಿಷ್ಕಾಸ ವ್ಯವಸ್ಥೆ ಎಂದರೆ ವಾಹನದ ಎಂಜಿನ್ನಿನಲ್ಲಿ ಇಂಧನ ಉರಿದ ಬಳಿಕ ಉಳಿಯುವ ಬಿಸಿ ಅನಿಲಗಳನ್ನು ಸಂಗ್ರಹಿಸಿ, ಅವುಗಳಲ್ಲಿನ ವಿಷಕಾರಿ ಅಂಶಗಳನ್ನು ತಗ್ಗಿಸಿ, ಸದ್ದನ್ನು ಅಡಗಿಸಿ, ಪ್ರಯಾಣಿಕರಿಂದ ದೂರಕ್ಕೆ ಸಾಗಿಸುವ ಭಾಗಗಳ ಸಮೂಹ. ಸಾಮಾನ್ಯರು ಇದನ್ನು ಒಟ್ಟಾಗಿ ‘ಸೈಲೆನ್ಸರ್’ ಎಂದು ಕರೆಯುತ್ತಾರೆ. ಆದರೆ ಸೈಲೆನ್ಸರ್ ಈ ವ್ಯವಸ್ಥೆಯ ಒಂದು ಭಾಗ ಮಾತ್ರ. ಪ್ರಸ್ತುತ ಲೇಖನವು ಈ ವ್ಯವಸ್ಥೆಯ ರಚನೆ, ದೋಷಗಳನ್ನು ಗುರುತಿಸುವ ಕ್ರಮ, ದುರಸ್ತಿಯ ವಿಧಾನ ಹಾಗೂ ಸಂಬಂಧಿಸಿದ ಕಾನೂನುಗಳನ್ನು ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಹವಾಮಾನ, ರಸ್ತೆ ಮತ್ತು ಬಳಕೆಯ ಹಿನ್ನೆಲೆಯಲ್ಲಿ ವಿವರಿಸುತ್ತದೆ.

ಪ್ರಾದೇಶಿಕ ಹಿನ್ನೆಲೆ

ರಾಯಚೂರು ಜಿಲ್ಲೆಯು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿದೆ. ಜಿಲ್ಲಾ ಕೇಂದ್ರದ ಪ್ರಾದೇಶಿಕ ಸಾರಿಗೆ ಕಚೇರಿಯ ನೋಂದಣಿ ಸಂಕೇತ ಕೆಎ-36. ಮಾನ್ವಿ ತಾಲ್ಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯಿಂದಲೂ ದೇವದುರ್ಗ ತಾಲ್ಲೂಕಿಗೆ ನಾರಾಯಣಪುರ ಬಲದಂಡೆ ಕಾಲುವೆಯಿಂದಲೂ ನೀರಾವರಿ ದೊರೆತಿದ್ದು, ಭತ್ತ ಮತ್ತು ಹತ್ತಿಯ ಸಾಗಾಣಿಕೆ ಇಲ್ಲಿನ ರಸ್ತೆಗಳ ಮುಖ್ಯ ಸಂಚಾರಗಳಲ್ಲಿ ಒಂದು.

ಈ ಪ್ರದೇಶದ ನಾಲ್ಕು ಲಕ್ಷಣಗಳು ವಾಹನದ ನಿಷ್ಕಾಸ ವ್ಯವಸ್ಥೆಯ ಮೇಲೆ ನೇರ ಪರಿಣಾಮ ಬೀರುತ್ತವೆ. ಮೊದಲನೆಯದು ಬಿಸಿಲು. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಎರಡನೆಯದು ಧೂಳು. ಇದು ಗಾಳಿ ಶೋಧಕವನ್ನು ಬೇಗ ಮುಚ್ಚಿಸುತ್ತದೆ. ಮೂರನೆಯದು ಎರೆಮಣ್ಣು. ಮಳೆಗಾಲದಲ್ಲಿ ಇದು ಕಾರಿನ ತಳಭಾಗಕ್ಕೆ ಅಂಟಿಕೊಂಡು, ತೇವವನ್ನು ಹಿಡಿದಿಟ್ಟು, ಕೊಳವೆಗಳಿಗೆ ತುಕ್ಕು ಹಿಡಿಸುತ್ತದೆ. ನಾಲ್ಕನೆಯದು ಪ್ರಯಾಣದ ಸ್ವರೂಪ. ರಾಯಚೂರು ನಗರದೊಳಗೆ ಎರಡು ಮೂರು ಕಿಲೋಮೀಟರುಗಳ ಕಿರು ಓಡಾಟವೇ ಹೆಚ್ಚು. ಮಾನ್ವಿ ಅಥವಾ ದೇವದುರ್ಗಕ್ಕೆ ಹೋಗುವಾಗ ಮಾತ್ರ ಎಂಜಿನ್ ಸಾಕಷ್ಟು ಹೊತ್ತು ಸಮವೇಗದಲ್ಲಿ ಓಡುತ್ತದೆ. ಈ ವ್ಯತ್ಯಾಸದ ಮಹತ್ವವನ್ನು ಮುಂದೆ ವಿವರಿಸಲಾಗಿದೆ.

ರಚನೆ

ಪೆಟ್ರೋಲ್ ಕಾರಿನಲ್ಲಿ ಅನಿಲವು ಸಾಗುವ ಕ್ರಮ ಹೀಗಿದೆ:

- ನಿಷ್ಕಾಸ ಮ್ಯಾನಿಫೋಲ್ಡ್: ಎಲ್ಲ ಸಿಲಿಂಡರುಗಳ ಅನಿಲವನ್ನು ಒಂದೇ ಕೊಳವೆಗೆ ಸೇರಿಸುತ್ತದೆ.
- ಮುಂಭಾಗದ ಆಮ್ಲಜನಕ ಸಂವೇದಕ: ಅನಿಲದಲ್ಲಿ ಉಳಿದಿರುವ ಆಮ್ಲಜನಕವನ್ನು ಅಳೆದು ಎಂಜಿನ್ ನಿಯಂತ್ರಣ ಘಟಕಕ್ಕೆ ತಿಳಿಸುತ್ತದೆ.
- ವೇಗವರ್ಧಕ ಪರಿವರ್ತಕ: ಜೇನುಗೂಡಿನ ರಚನೆಯ ಪಿಂಗಾಣಿ ತಿರುಳಿನ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುಲೇಪವಿರುವ ಭಾಗ.
- ಹಿಂಭಾಗದ ಆಮ್ಲಜನಕ ಸಂವೇದಕ: ಪರಿವರ್ತಕವು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಗಮನಿಸುತ್ತದೆ.
- ಬಾಗುವ ಕೊಳವೆ: ಎಂಜಿನ್ನಿನ ಕಂಪನ ಉಳಿದ ಭಾಗಕ್ಕೆ ತಗಲದಂತೆ ತಡೆಯುತ್ತದೆ.
- ಸೈಲೆನ್ಸರ್ ಮತ್ತು ಬಾಲಕೊಳವೆ: ಸದ್ದನ್ನು ತಗ್ಗಿಸಿ ಅನಿಲವನ್ನು ಕಾರಿನ ಹಿಂದಕ್ಕೆ ಬಿಡುತ್ತವೆ.

ಡೀಸೆಲ್ ಕಾರುಗಳಲ್ಲಿ ಇವುಗಳ ಜೊತೆಗೆ ನಿಷ್ಕಾಸ ಅನಿಲದ ಒಂದು ಭಾಗವನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ಕವಾಟ, ಮಸಿಕಣಗಳನ್ನು ಹಿಡಿಯುವ ಡಿಪಿಎಫ್ ಶೋಧಕ ಮತ್ತು ಕೆಲವು ಮಾದರಿಗಳಲ್ಲಿ ಯೂರಿಯಾ ದ್ರಾವಣ ಸಿಂಪಡಿಸುವ ಎಸ್‌ಸಿಆರ್ ಘಟಕ ಇರುತ್ತವೆ.

ಕಾರ್ಯವಿಧಾನ

ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಇಂಧನ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದ ಹೈಡ್ರೋಕಾರ್ಬನ್‌ಗಳು ಹೆಚ್ಚುತ್ತವೆ. ಗಾಳಿ ಹೆಚ್ಚಾಗಿ ದಹನದ ಉಷ್ಣತೆ ಏರಿದರೆ ನೈಟ್ರೋಜನ್ ಆಕ್ಸೈಡ್‌ಗಳು ಹೆಚ್ಚುತ್ತವೆ. ಪರಿವರ್ತಕವು ಈ ಮೂರನ್ನೂ ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ನೈಟ್ರೋಜನ್ ಆಗಿ ಬದಲಿಸುತ್ತದೆ. ಮಿಶ್ರಣವು 14.7ರ ಆಸುಪಾಸಿನಲ್ಲಿದ್ದರೆ ಮಾತ್ರ ಮೂರೂ ಕ್ರಿಯೆಗಳು ಒಟ್ಟಿಗೆ ನಡೆಯುತ್ತವೆ. ಆದ್ದರಿಂದಲೇ ಆಮ್ಲಜನಕ ಸಂವೇದಕವು ಈ ವ್ಯವಸ್ಥೆಯಲ್ಲಿ ಮಹತ್ವದ್ದಾಗಿದೆ.

ಪರಿವರ್ತಕವು ತಣ್ಣಗಿರುವಾಗ ಕೆಲಸ ಮಾಡುವುದಿಲ್ಲ. ಅದು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಬಳಿಕವೇ ಕ್ರಿಯಾಶೀಲವಾಗುತ್ತದೆ. ಇನ್ನೊಂದೆಡೆ, ಒಂದು ಲೀಟರ್ ಪೆಟ್ರೋಲ್ ಉರಿದಾಗ ಸರಿಸುಮಾರು ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹೊರಬರುತ್ತದೆ. ಕಿರು ಓಡಾಟದಲ್ಲಿ ಕೊಳವೆಗಳು ಪೂರ್ತಿ ಬಿಸಿಯಾಗದೆ ಈ ಆವಿ ಸೈಲೆನ್ಸರಿನೊಳಗೇ ನೀರಾಗಿ ನಿಂತು, ಆಮ್ಲೀಯ ಅಂಶಗಳೊಡನೆ ಸೇರಿ, ತಗಡನ್ನು ಒಳಗಿನಿಂದ ತಿನ್ನುತ್ತದೆ. ಒಣ ಹವೆಯ ಊರಿನಲ್ಲೂ ಸೈಲೆನ್ಸರ್ ತೂತಾಗಲು ಇದು ಮುಖ್ಯ ಕಾರಣ.

ಆರೋಗ್ಯ ಮತ್ತು ಸುರಕ್ಷತೆ

ನಿಷ್ಕಾಸ ವ್ಯವಸ್ಥೆಯ ಸೋರಿಕೆಯನ್ನು ಕೇವಲ ಸದ್ದಿನ ತೊಂದರೆ ಎಂದು ಭಾವಿಸುವುದು ಅಪಾಯಕಾರಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಇದರ ಆರಂಭಿಕ ಲಕ್ಷಣಗಳು. ಬಿಸಿಲೂರಿನಲ್ಲಿ ಇವೇ ಲಕ್ಷಣಗಳನ್ನು ಬಿಸಿಲಿನ ಝಳಕ್ಕೆ ಹೊರಿಸಿ ಅಲಕ್ಷಿಸುವ ಸಂಭವ ಹೆಚ್ಚು. ಕಾರಿನೊಳಗಿರುವಾಗ ಹಲವರಿಗೆ ಒಟ್ಟಿಗೆ ತಲೆನೋವು ಬಂದು, ಕೆಳಗಿಳಿದ ಬಳಿಕ ಕಡಿಮೆಯಾದರೆ ಸೋರಿಕೆಯನ್ನು ಶಂಕಿಸಬೇಕು.

ಬೇಸಿಗೆಯ ಮಧ್ಯಾಹ್ನ ಅಥವಾ ರಾತ್ರಿ, ನಿಂತ ಕಾರಿನಲ್ಲಿ ಕಿಟಕಿ ಮುಚ್ಚಿ, ಎಂಜಿನ್ ಮತ್ತು ಹವಾನಿಯಂತ್ರಕ ಚಾಲನೆಯಲ್ಲಿಟ್ಟು ಮಲಗುವುದು ಪ್ರಾಣಾಪಾಯಕ್ಕೆ ದಾರಿ. ನಿಂತ ಕಾರಿನ ಸುತ್ತ ಅನಿಲ ಚದುರದೆ ಉಳಿದು, ತಳಭಾಗದ ಬಿರುಕುಗಳ ಮೂಲಕ ಒಳಸೇರಬಹುದು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸುವುದೂ ಇದೇ ಕಾರಣಕ್ಕೆ ನಿಷಿದ್ಧ.

ಎರಡನೆಯ ಅಪಾಯ ಬೆಂಕಿ. ಸುಗ್ಗಿಯ ಕಾಲದಲ್ಲಿ ಗ್ರಾಮೀಣ ರಸ್ತೆಗಳ ಮೇಲೆ ತೊಗರಿ, ಹುರುಳಿ, ಜೋಳ ಮೊದಲಾದ ಬೆಳೆಗಳನ್ನು ಒಕ್ಕಣೆಗಾಗಿ ಹರಡುವ ರೂಢಿ ಉತ್ತರ ಕರ್ನಾಟಕದಲ್ಲಿದೆ. ಅದರ ಮೇಲೆ ಸಾಗುವ ಕಾರಿನ ತಳಕ್ಕೆ ಒಣ ಹೊಟ್ಟು, ಬಳ್ಳಿ ಸಿಕ್ಕಿಕೊಂಡು ಹಲವು ನೂರು ಡಿಗ್ರಿ ಬಿಸಿಯಾಗಿರುವ ಪರಿವರ್ತಕಕ್ಕೆ ತಗಲಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಇಂಥ ದಾರಿಯಲ್ಲಿ ಹೋಗಬೇಕಾಗಿ ಬಂದರೆ, ದಾಟಿದ ಬಳಿಕ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ತಳಭಾಗವನ್ನು ನೋಡುವುದು ಉತ್ತಮ. ಒಣ ಹುಲ್ಲಿನ ಮೇಲೆ ಅಥವಾ ಬಣವೆಯ ಪಕ್ಕದಲ್ಲಿ ಕಾರು ನಿಲ್ಲಿಸಬಾರದು. ಪರಿವರ್ತಕದ ಕೆಳಗಿರುವ ಶಾಖತಡೆ ತಗಡು ಅಲುಗಾಡಿ ಸದ್ದು ಮಾಡುತ್ತದೆಂದು ಅದನ್ನು ಕಿತ್ತು ಹಾಕುವುದು ಈ ಅಪಾಯವನ್ನು ಹೆಚ್ಚಿಸುತ್ತದೆ.

ದೋಷಪತ್ತೆ

ದೋಷಪತ್ತೆಯ ಸಾಮಾನ್ಯ ಸೂತ್ರವೆಂದರೆ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು, ದುಬಾರಿ ಭಾಗಗಳ ಬದಲಾವಣೆಯನ್ನು ಕೊನೆಗೆ ಇಡುವುದು.

ಕಣ್ಣು, ಕಿವಿ, ಮೂಗಿನ ಪರೀಕ್ಷೆ

- ಕಪ್ಪು ಹೊಗೆ: ಇಂಧನ ಹೆಚ್ಚು ಅಥವಾ ಗಾಳಿ ಕಡಿಮೆ. ಮೊದಲು ಗಾಳಿ ಶೋಧಕವನ್ನು ನೋಡಬೇಕು. ಬಳಿಕ ಇಂಜೆಕ್ಟರ್, ಟರ್ಬೊ ಕೊಳವೆ ಮತ್ತು ಇಜಿಆರ್ ಕವಾಟ.
- ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ಉಂಗುರ, ಕವಾಟದ ಸೀಲ್ ಅಥವಾ ಟರ್ಬೊ ಸೀಲ್ ಸವೆದಿರಬಹುದು.
- ಬಿಳಿ ಹೊಗೆ: ಚಳಿಗಾಲದ ಬೆಳಿಗ್ಗೆ ಕೆಲವು ನಿಮಿಷ ಕಾಣುವ ಬಿಳಿ ಆವಿ ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದು ರೇಡಿಯೇಟರಿನ ದ್ರವ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಒಡೆದಿರಬಹುದು.
- ಬೆಳಿಗ್ಗೆ ಟಿಕ್ ಟಿಕ್ ಸದ್ದು ಬಂದು ಬಿಸಿಯಾದ ಮೇಲೆ ಕಡಿಮೆಯಾದರೆ: ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಥವಾ ಬಿರುಕು. ಲೋಹ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುವುದರಿಂದ ಸದ್ದು ಅಡಗುತ್ತದೆ.
- ತಳದಲ್ಲಿ ಗಡಗಡ ಸದ್ದು: ಸಡಿಲ ಶಾಖತಡೆ ತಗಡು, ಹರಿದ ರಬ್ಬರ್ ತೂಗುಪಟ್ಟಿ ಅಥವಾ ಪರಿವರ್ತಕದೊಳಗೆ ಒಡೆದ ತಿರುಳು. ತಣ್ಣಗಿರುವ ಪರಿವರ್ತಕವನ್ನು ಕೈಯಿಂದ ತಟ್ಟಿದಾಗ ಒಳಗೆ ಕಲ್ಲು ಅಲುಗಿದಂತೆ ಕೇಳಿದರೆ ತಿರುಳು ಒಡೆದಿದೆ.
- ಕೊಳೆತ ಮೊಟ್ಟೆಯ ವಾಸನೆ: ಇಂಧನ ಹೆಚ್ಚಾಗಿ ಪರಿವರ್ತಕದಲ್ಲಿ ಗಂಧಕದ ಸಂಯುಕ್ತಗಳು ಹೈಡ್ರೋಜನ್ ಸಲ್ಫೈಡ್ ಆಗುತ್ತಿವೆ.

ಸೋರಿಕೆಯ ಪರೀಕ್ಷೆ

ಎಂಜಿನ್ ತಣ್ಣಗಿರುವಾಗ ಬಯಲಿನಲ್ಲಿ ಚಾಲನೆ ಮಾಡಿ, ಬಾಲಕೊಳವೆಯ ಬಾಯಿಗೆ ದಪ್ಪ ಬಟ್ಟೆಯನ್ನು ಕ್ಷಣಕಾಲ ಒತ್ತಿದರೆ ಒಳಗಿನ ಒತ್ತಡ ಏರಿ ಸೋರುವ ಜಾಗದಲ್ಲಿ ಬುಸ್ ಎಂಬ ಸದ್ದು ಕೇಳುತ್ತದೆ. ಕೀಲುಗಳಿಗೆ ಸಾಬೂನು ನೀರು ಹಚ್ಚಿದರೆ ಗುಳ್ಳೆಗಳು ಕಾಣುತ್ತವೆ. ಕೀಲಿನ ಸುತ್ತ ಕಪ್ಪು ಮಸಿಯ ಗೆರೆಯಿದ್ದರೆ ಅದು ಹಳೆಯ ಸೋರಿಕೆಯ ಗುರುತು.

ದೋಷ ಸಂಕೇತಗಳು

ಎಂಜಿನ್ ಎಚ್ಚರಿಕೆ ದೀಪ ಹತ್ತಿದಾಗ, ಚಾಲಕನ ಮುಂದಿನ ಫಲಕದ ಕೆಳಗಿರುವ 16 ಪಿನ್ನಿನ ಒಬಿಡಿ ಸಂಪರ್ಕಕ್ಕೆ ಸ್ಕ್ಯಾನರ್ ಜೋಡಿಸಿ ಸಂಕೇತವನ್ನು ಓದಲಾಗುತ್ತದೆ. ಸಾಮಾನ್ಯವಾದವು:

- ಪಿ 0420: ಪರಿವರ್ತಕದ ದಕ್ಷತೆ ಮಿತಿಗಿಂತ ಕಡಿಮೆ.
- ಪಿ 0171: ಮಿಶ್ರಣದಲ್ಲಿ ಇಂಧನ ಕಡಿಮೆ.
- ಪಿ 0300: ಒಂದಕ್ಕಿಂತ ಹೆಚ್ಚು ಸಿಲಿಂಡರುಗಳಲ್ಲಿ ದಹನ ತಪ್ಪುತ್ತಿದೆ.
- ಪಿ 0401: ಇಜಿಆರ್ ಹರಿವು ಸಾಲದು.
- ಪಿ 0442: ಇಂಧನ ಆವಿ ವ್ಯವಸ್ಥೆಯಲ್ಲಿ ಸಣ್ಣ ಸೋರಿಕೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಿದ್ದರೂ ಇದು ಬರಬಹುದು.
- ಪಿ 2002: ಡಿಪಿಎಫ್ ದಕ್ಷತೆ ಕಡಿಮೆ.

ಸಂಕೇತವು ದೋಷ ಎಲ್ಲಿ ಗೋಚರಿಸಿತು ಎಂಬುದನ್ನು ಹೇಳುತ್ತದೆಯೇ ಹೊರತು ಯಾವ ಭಾಗವನ್ನು ಬದಲಿಸಬೇಕು ಎಂಬುದನ್ನಲ್ಲ. ಉದಾಹರಣೆಗೆ, ಪಿ 0420 ಕಂಡ ಕೂಡಲೇ ದುಬಾರಿ ಪರಿವರ್ತಕವನ್ನು ಬದಲಿಸುವುದು ಸಾಮಾನ್ಯ ತಪ್ಪು. ಸಂವೇದಕದ ಹತ್ತಿರ ಕೊಳವೆಯಲ್ಲಿ ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿ ಒಳಸೇರಿ ಸಂವೇದಕವನ್ನು ದಾರಿ ತಪ್ಪಿಸುತ್ತದೆ. ಧಾನ್ಯದ ಗೋದಾಮು, ಕೊಟ್ಟಿಗೆಗಳ ಬಳಿ ನಿಲ್ಲಿಸುವ ಕಾರುಗಳಲ್ಲಿ ಇಲಿಗಳು ಸಂವೇದಕದ ತಂತಿಯನ್ನು ಕಡಿದಿರುವ ಸಾಧ್ಯತೆಯನ್ನೂ ಪರಿಶೀಲಿಸಬೇಕು.

ಸಂವೇದಕದ ಪರೀಕ್ಷೆ

ಸಾಮಾನ್ಯ ಜಿರ್ಕೋನಿಯಾ ಮಾದರಿಯ ಮುಂಭಾಗದ ಸಂವೇದಕದ ವೋಲ್ಟೇಜ್ ಬಿಸಿ ಎಂಜಿನ್ನಿನಲ್ಲಿ 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಏರಿಳಿಯಬೇಕು. ಹಿಂಭಾಗದ ಸಂವೇದಕದ ವೋಲ್ಟೇಜ್ ಬಹುತೇಕ ಸ್ಥಿರವಾಗಿರಬೇಕು. ಹಿಂಭಾಗದ್ದೂ ಮುಂಭಾಗದ್ದರಂತೆಯೇ ಏರಿಳಿಯುತ್ತಿದ್ದು, ಸೋರಿಕೆ ಇಲ್ಲವೆಂದು ಖಚಿತವಾದರೆ ಮಾತ್ರ ಪರಿವರ್ತಕ ಕೆಟ್ಟಿದೆ ಎಂದು ತೀರ್ಮಾನಿಸಬಹುದು.

ಹಿಂದೊತ್ತಡದ ಪರೀಕ್ಷೆ

ಕಾರು ಏರಿನಲ್ಲಿ ಸೊರಗಿದರೆ, ವೇಗವರ್ಧಕ ಒತ್ತಿದರೂ ಮುನ್ನುಗ್ಗದಿದ್ದರೆ ಪರಿವರ್ತಕ ಅಥವಾ ಸೈಲೆನ್ಸರ್ ಕಟ್ಟಿಕೊಂಡಿರಬಹುದು. ಮುಂಭಾಗದ ಸಂವೇದಕವನ್ನು ಬಿಚ್ಚಿ ಆ ಜಾಗಕ್ಕೆ ಒತ್ತಡಮಾಪಕ ಜೋಡಿಸಿದಾಗ, ನಿಂತ ವೇಗದಲ್ಲಿ ಸುಮಾರು 1.5 ಪಿಎಸ್‌ಐ ಅಥವಾ 2500 ಆರ್‌ಪಿಎಂ ವೇಗದಲ್ಲಿ 3 ಪಿಎಸ್‌ಐ ಮೀರಿದರೆ ಅಡೆತಡೆ ಇದೆ ಎಂದರ್ಥ.

ದುರಸ್ತಿ

ಯಾವುದೇ ಕೆಲಸಕ್ಕೆ ಮೊದಲು ವ್ಯವಸ್ಥೆಯು ಪೂರ್ತಿ ತಣ್ಣಗಾಗಬೇಕು. ಕಾರನ್ನು ಜಾಕ್ ಮೇಲಷ್ಟೇ ನಿಲ್ಲಿಸಿ ಕೆಳಗೆ ನುಸುಳಬಾರದು. ಭದ್ರವಾದ ಆಧಾರ ಸ್ಟ್ಯಾಂಡ್ ಇಡಬೇಕು. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು.

ಸೋರುವ ಕೀಲಿಗೆ ಹೊಸ ಗ್ಯಾಸ್ಕೆಟ್ ಹಾಗೂ ಬೋಲ್ಟ್ ಹಾಕುವುದು ಸರಳ ಮತ್ತು ಬಾಳಿಕೆಯ ದುರಸ್ತಿ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕುಸಡಿಲಿಕೆ ಎಣ್ಣೆ ಹಾಕಿದರೆ ಮುರಿಯುವ ಸಂಭವ ಕಡಿಮೆ. ಸೈಲೆನ್ಸರಿನ ಸಣ್ಣ ತೂತಿಗೆ ಶಾಖ ತಡೆಯುವ ಲೇಪ ಅಥವಾ ಪಟ್ಟಿ ತಾತ್ಕಾಲಿಕ ಪರಿಹಾರ ಮಾತ್ರ. ಸುತ್ತಲಿನ ತಗಡು ಗಟ್ಟಿಯಾಗಿದ್ದರೆ ವೆಲ್ಡಿಂಗ್ ನಿಲ್ಲುತ್ತದೆ. ತಗಡು ತೆಳುವಾಗಿದ್ದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ತೂತಾಗುವುದರಿಂದ ಆ ಭಾಗವನ್ನು ಬದಲಿಸುವುದೇ ಮಿತವ್ಯಯ. ಸೈಲೆನ್ಸರಿನ ಕೆಳಗೆ ತಯಾರಕರು ಬಿಟ್ಟಿರುವ ಸಣ್ಣ ರಂಧ್ರವು ನೀರು ಹರಿದುಹೋಗಲೆಂದು ಇರುವುದು. ಅದನ್ನು ಸೋರಿಕೆಯೆಂದು ತಿಳಿದು ಮುಚ್ಚಬಾರದು. ರಸ್ತೆಯುಬ್ಬಿಗೆ ತಳ ಬಡಿದು ಹರಿದ ಬಾಗುವ ಕೊಳವೆಗೆ ತೇಪೆ ಹಾಕಿದರೆ ಅದರ ಬಾಗುವ ಗುಣವೇ ಹೋಗಿ ಕಂಪನವು ಮ್ಯಾನಿಫೋಲ್ಡನ್ನು ಸೀಳಬಹುದು.

ಪರಿವರ್ತಕವು ತಾನಾಗಿ ಕೆಡುವುದಕ್ಕಿಂತ ಬೇರೆ ದೋಷದಿಂದ ಕೆಡುವುದೇ ಹೆಚ್ಚು. ದಹನ ತಪ್ಪಿದ ಸಿಲಿಂಡರಿನಿಂದ ಬರುವ ಪೆಟ್ರೋಲ್ ಪರಿವರ್ತಕದೊಳಗೆ ಉರಿದು ತಿರುಳನ್ನು ಕರಗಿಸುತ್ತದೆ. ಉರಿದ ಎಂಜಿನ್ ಆಯಿಲಿನ ರಂಜಕವು ಲೇಪವನ್ನು ಮುಚ್ಚಿಬಿಡುತ್ತದೆ. ಮೂಲದೋಷವನ್ನು ಸರಿಪಡಿಸದೆ ಹೊಸ ಪರಿವರ್ತಕ ಹಾಕಿದರೆ ಅದೂ ಬೇಗನೆ ಹಾಳಾಗುತ್ತದೆ. ಎಂಜಿನ್ ದೀಪ ಮಿನುಗುತ್ತಿದ್ದರೆ ತೀವ್ರ ದಹನದೋಷವಿದೆ ಎಂದರ್ಥವಾದ್ದರಿಂದ ವೇಗ ತಗ್ಗಿಸಿ, ಆದಷ್ಟು ಬೇಗ ನಿಲ್ಲಿಸಬೇಕು.

ಡಿಪಿಎಫ್‌ನಲ್ಲಿ ಸೇರಿದ ಮಸಿಯನ್ನು ಎಂಜಿನ್ ಸುಮಾರು 600 ಡಿಗ್ರಿ ಉಷ್ಣತೆಯಲ್ಲಿ ಸುಟ್ಟು ತಾನೇ ಸ್ವಚ್ಛಗೊಳಿಸಿಕೊಳ್ಳುತ್ತದೆ. ಇದಕ್ಕೆ ಕೆಲವು ನಿಮಿಷಗಳ ಸತತ ಸಮವೇಗದ ಓಟ ಬೇಕು. ನಗರದೊಳಗಷ್ಟೇ ಓಡಾಡುವ ಕಾರಿನಲ್ಲಿ ಈ ಕ್ರಿಯೆ ಅರ್ಧಕ್ಕೆ ನಿಂತು ದೀಪ ಹತ್ತುತ್ತದೆ. ಅಂಥ ಕಾರನ್ನು ರಾಯಚೂರಿನಿಂದ ಮಾನ್ವಿ ಅಥವಾ ದೇವದುರ್ಗದ ಕಡೆಗೆ, ಕೈಪಿಡಿಯಲ್ಲಿ ಸೂಚಿಸಿದ ವೇಗದಲ್ಲಿ, ಒಮ್ಮೆ ನಿಲ್ಲಿಸದೆ ಓಡಿಸಿದರೆ ಅನೇಕ ಬಾರಿ ದೀಪ ಆರುತ್ತದೆ. ಆರದಿದ್ದರೆ ಸ್ಕ್ಯಾನರ್ ಮೂಲಕ ಸ್ವಚ್ಛತಾಕ್ರಿಯೆ ನಡೆಸಬೇಕಾಗುತ್ತದೆ.

ಎಸ್‌ಸಿಆರ್ ಘಟಕಕ್ಕೆ ಬಳಸುವ ದ್ರಾವಣದಲ್ಲಿ ಶೇ. 32.5ರಷ್ಟು ಶುದ್ಧ ಯೂರಿಯಾ ಇರುತ್ತದೆ. ಗೊಬ್ಬರದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಹಾಕಿದರೆ ಅದರ ಕಲ್ಮಶಗಳು ಸಿಂಪಡಕವನ್ನೂ ಪರಿವರ್ತಕವನ್ನೂ ಕೆಡಿಸುತ್ತವೆ. ಈ ದ್ರಾವಣವು 25 ಡಿಗ್ರಿಯಲ್ಲಿ 18 ತಿಂಗಳು ಕೆಡದೆ ಉಳಿದರೆ, 35 ಡಿಗ್ರಿಯಲ್ಲಿ ಆರು ತಿಂಗಳಷ್ಟೇ ಉಳಿಯುತ್ತದೆ. ಆದ್ದರಿಂದ ರಾಯಚೂರಿನಂಥ ಊರಿನಲ್ಲಿ ಡಬ್ಬವನ್ನು ನೆರಳಿನಲ್ಲಿಡುವುದು, ತಯಾರಿಕೆಯ ದಿನಾಂಕ ನೋಡಿ ಕೊಳ್ಳುವುದು ಅಗತ್ಯ.

ಕಾನೂನು ಮತ್ತು ಹೊಗೆ ತಪಾಸಣೆ

ಭಾರತದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಪರಿವರ್ತಕ ಕಡ್ಡಾಯವಾಯಿತು. ಸೀಸವು ಪರಿವರ್ತಕವನ್ನು ಕೆಡಿಸುವುದರಿಂದ 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಗೆ ಬಂದಿತು. ಭಾರತ್ ಸ್ಟೇಜ್-4 ಮಾನದಂಡ 2010ರಲ್ಲಿ ಬೆಂಗಳೂರು, ಹೈದರಾಬಾದ್ ಸೇರಿದಂತೆ 13 ನಗರಗಳಲ್ಲಿ ಮೊದಲು ಬಂದು, 2017ರ ಏಪ್ರಿಲ್ 1ರಂದು ಇಡೀ ದೇಶಕ್ಕೆ ವಿಸ್ತರಿಸಿತು. ಆದ್ದರಿಂದ ಆ ನಡುವಿನ ವರ್ಷಗಳ ಹಳೆಯ ಕಾರು ಕೊಳ್ಳುವವರು ನೋಂದಣಿ ಪತ್ರದಲ್ಲಿ ಮಾನದಂಡವನ್ನು ನೋಡಬೇಕು. ಒಂದೇ ವರ್ಷದ ಎರಡು ಕಾರುಗಳ ಮಿತಿಗಳು ಬೇರೆಯಾಗಿರಬಹುದು. ಭಾರತ್ ಸ್ಟೇಜ್-6 ಮಾನದಂಡವು 2020ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಇಂಧನದ ಗಂಧಕದ ಮಿತಿ 50 ಪಿಪಿಎಂನಿಂದ 10 ಪಿಪಿಎಂಗೆ ಇಳಿಯಿತು.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೇ ನಿಯಮದಂತೆ, ಮೊದಲ ನೋಂದಣಿಯಿಂದ ಒಂದು ವರ್ಷ ಕಳೆದ ವಾಹನಕ್ಕೆ ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ ಇರಬೇಕು. ಸ್ಟೇಜ್-4 ಮತ್ತು 6ರ ವಾಹನಗಳಿಗೆ ಅದರ ಅವಧಿ 12 ತಿಂಗಳು, ಹಳೆಯವುಗಳಿಗೆ ಆರು ತಿಂಗಳು. ಸ್ಟೇಜ್-4 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ನಿಂತ ವೇಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.3 ಮತ್ತು ಹೈಡ್ರೋಕಾರ್ಬನ್ 200 ಪಿಪಿಎಂ ಮೀರಬಾರದು. ಡೀಸೆಲ್ ವಾಹನಗಳ ಹೊಗೆಯ ಸಾಂದ್ರತೆ ಹಳೆಯವುಗಳಲ್ಲಿ 65, ಸ್ಟೇಜ್-4ರವುಗಳಲ್ಲಿ 50 ಹಾರ್ಟ್ರಿಜ್ ಮಾನದೊಳಗಿರಬೇಕು. 2021ರಿಂದ ಪ್ರಮಾಣಪತ್ರಕ್ಕೆ ದೇಶಾದ್ಯಂತ ಕ್ಯೂಆರ್ ಸಂಕೇತವುಳ್ಳ ಏಕರೂಪದ ನಮೂನೆ ನಿಗದಿಯಾಗಿದ್ದು, ತಪಾಸಣೆಯಲ್ಲಿ ವಿಫಲವಾದ ವಾಹನಕ್ಕೆ ತಿರಸ್ಕಾರ ಚೀಟಿ ನೀಡುವ ವ್ಯವಸ್ಥೆಯೂ ಇದೆ. ಈ ಪ್ರಮಾಣಪತ್ರ ಗಡಿಯಾಚೆಯ ತೆಲಂಗಾಣ, ಆಂಧ್ರಪ್ರದೇಶಗಳಲ್ಲೂ ಮಾನ್ಯ.

ತಣ್ಣಗಿನ ಪರಿವರ್ತಕ ಕೆಲಸ ಮಾಡದಿರುವುದರಿಂದ, ತಪಾಸಣಾ ಕೇಂದ್ರಕ್ಕೆ ಹತ್ತು ಹದಿನೈದು ನಿಮಿಷ ಓಡಿಸಿಕೊಂಡೇ ಹೋಗುವುದು ಸೂಕ್ತ. ಸುಸ್ಥಿತಿಯ ಕಾರೂ ಎಂಜಿನ್ ಬಿಸಿಯಾಗದ ಕಾರಣಕ್ಕೆ ವಿಫಲವಾಗಬಹುದು.

ಮಾಲಿನ್ಯ ಅಥವಾ ಶಬ್ದದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ, 2019ರ ತಿದ್ದುಪಡಿಯ ಬಳಿಕ, ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮಾಲೀಕರು ವಾಹನದಲ್ಲಿ ಅನಧಿಕೃತ ಮಾರ್ಪಾಡು ಮಾಡಿದರೆ 182ಎ(4)ನೇ ಸೆಕ್ಷನ್ನಿನಂತೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಇವೆ. ಪರಿವರ್ತಕ ಅಥವಾ ಡಿಪಿಎಫ್‌ನ ತಿರುಳು ತೆಗೆದು ಖಾಲಿ ಡಬ್ಬಿಯನ್ನು ಮರಳಿ ಜೋಡಿಸುವುದು ಮೇಲ್ನೋಟಕ್ಕೆ ಅಗ್ಗವೆನಿಸಿದರೂ, ವಾಹನವು ಮುಂದಿನ ತಪಾಸಣೆಯಲ್ಲಿ ವಿಫಲವಾಗುವುದಲ್ಲದೆ ವಿಷಾನಿಲವು ಶುದ್ಧೀಕರಣವಿಲ್ಲದೆ ರಸ್ತೆಗೆ ಬರುತ್ತದೆ.

ನಿರ್ವಹಣೆ

- ಧೂಳಿನ ರಸ್ತೆಯಲ್ಲಿ ಓಡುವ ಕಾರಿನ ಗಾಳಿ ಶೋಧಕವನ್ನು ಕೈಪಿಡಿಯ ಅವಧಿಗಿಂತ ಮುಂಚೆಯೇ ಪರಿಶೀಲಿಸುವುದು.
- ವಾರಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸುವುದು.
- ಮಳೆಗಾಲದ ಕೊನೆಯಲ್ಲಿ ತಳಭಾಗದ ಎರೆಮಣ್ಣನ್ನು ತೊಳೆಸಿ, ಬೋಲ್ಟು, ತೂಗುಪಟ್ಟಿ, ಶಾಖತಡೆ ತಗಡುಗಳನ್ನು ನೋಡಿಸುವುದು.
- ಹಳ್ಳದ ನೀರು ಬಾಲಕೊಳವೆಯ ಮಟ್ಟಕ್ಕಿಂತ ಮೇಲಿದ್ದರೆ ದಾಟದಿರುವುದು. ಕಾದ ಪರಿವರ್ತಕಕ್ಕೆ ತಣ್ಣೀರು ತಗಲಿದರೆ ಒಳಗಿನ ಪಿಂಗಾಣಿ ತಿರುಳು ಬಿರಿಯಬಹುದು.
- ಸ್ಪಾರ್ಕ್ ಪ್ಲಗ್ ಮತ್ತು ಎಂಜಿನ್ ಆಯಿಲನ್ನು ಸಕಾಲದಲ್ಲಿ ಬದಲಿಸುವುದು. ಈ ಸಣ್ಣ ಖರ್ಚು ಪರಿವರ್ತಕದ ದೊಡ್ಡ ಖರ್ಚನ್ನು ತಪ್ಪಿಸುತ್ತದೆ.

ಇವನ್ನೂ ನೋಡಿ

- ಅಂತರ್ದಹನ ಎಂಜಿನ್
- ವಾಯು ಮಾಲಿನ್ಯ
- ಕಾರ್ಬನ್ ಮಾನಾಕ್ಸೈಡ್
- ಭಾರತ್ ಸ್ಟೇಜ್ ಮಾನದಂಡಗಳು
- ರಾಯಚೂರು ಜಿಲ್ಲೆ